ಅಜ್ಜಿಯ ಇಪ್ಪತ್ತನಾಲ್ಕು ಭಂಗಿಗಳು

ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಯಾವಾಗಲೂ ಒಂದು ಮೆದುಳು ಇರುತ್ತಿತ್ತು. ಪ್ಲಾಸ್ಟಿಕ್ಕಿನದು. ಎಂಟು ತುಂಡುಗಳಾಗಿ ಬಿಚ್ಚಿ ಮತ್ತೆ ಜೋಡಿಸಬಹುದಾಗಿತ್ತು. ಅಪ್ಪ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೆದುಳು ಮತ್ತು ನರಗಳ ಪಾಠ ಹೇಳುತ್ತಿದ್ದರು. ಸಂಜೆ ಮನೆಗೆ ಬಂದು ಮರುದಿನದ ಪಾಠಕ್ಕೆ ತಯಾರಾಗುವುದು ಆ ಮೇಜಿನ ಮೇಲೆಯೇ. ಬೇರೆ ಮಕ್ಕಳು ಗೊಂಬೆಗೆ ಬಟ್ಟೆ ತೊಡಿಸುತ್ತಿದ್ದ ವಯಸ್ಸಿನಲ್ಲಿ ನಾನು ಹಿಮ್ಮೆದುಳನ್ನು ಅದರ ಗುಳಿಯಲ್ಲಿ ಕೂರಿಸುತ್ತಿದ್ದೆ. ಅಪ್ಪನ ಅಮ್ಮ, ನಮ್ಮ ಅಜ್ಜಿ, ಅದಕ್ಕೆ ಹೂಕೋಸು ಎಂದು ಹೆಸರಿಟ್ಟಿದ್ದರು. ತಟ್ಟೆ ಇಡುವ ಹೊತ್ತಿಗೆ ದಿನವೂ ಒಂದೇ ಮಾತು.

"ಆ ಹೂಕೋಸನ್ನು ಆಚೆ ಇಡು ಮಗಾ. ಸಾರು ಬಿದ್ರೆ ನಿನ್ನ ಅಪ್ಪನಿಗೆ ನಾಳೆ ಪಾಠ ಇಲ್ಲ."

ಮನೆ ಇದ್ದದ್ದು ಮಲೇಷ್ಯಾದಲ್ಲಿ, ಕೌಲಾಲಂಪುರದ ಹೊರವಲಯದ ಪುಚೊಂಗ್‌ನಲ್ಲಿ. ಆಗಿನ್ನೂ ಅಲ್ಲಿಗೆ ರೈಲು ಬಂದಿರಲಿಲ್ಲ. ಒಂದಕ್ಕೊಂದು ಗೋಡೆ ಹಂಚಿಕೊಂಡ ಸಾಲುಮನೆಗಳು, ಪ್ರತಿಯೊಂದಕ್ಕೂ ಎದುರಿಗೆ ಕಾರು ನಿಲ್ಲಿಸುವ ಜಾಗ, ಕಪ್ಪು ಕಬ್ಬಿಣದ ಗೇಟು, ಬಾಗಿಲಿಗೆ ಮತ್ತೊಂದು ಕಬ್ಬಿಣದ ಗ್ರಿಲ್. ಕೆಳಗೆ ಹಾಲ್, ಮೆಟ್ಟಿಲ ಅಡಿಯಲ್ಲಿ ದೇವರ ಗೂಡು, ಹಿಂದೆ ಎರಡು ಅಡುಗೆಮನೆ. ಒಂದು ಅಮ್ಮನದು, ಮಿಕ್ಸಿ ಫ್ರಿಜ್ ಇರುವ ಒಣ ಅಡುಗೆಮನೆ. ಇನ್ನೊಂದು ಅದರಾಚೆ, ತಗಡಿನ ಮಾಡಿನ ಕೆಳಗೆ, ನೀರು ಚೆಲ್ಲಿ ತೊಳೆಯಬಹುದಾದದ್ದು. ಅದು ಅಜ್ಜಿಯದು. ಮಧ್ಯಾಹ್ನ ಮೂರರ ಮಳೆ ಆ ತಗಡಿನ ಮೇಲೆ ಬೀಳತೊಡಗಿದರೆ ಒಳಗೆ ಮಾತು ಕೇಳಿಸುತ್ತಿರಲಿಲ್ಲ. ಅಜ್ಜಿ ಕೈಸನ್ನೆಯಲ್ಲೇ ಉಪ್ಪು ಕೇಳುತ್ತಿದ್ದರು. ಅಜ್ಜ ಬೇಗ ತೀರಿಕೊಂಡ ಮೇಲೆ ಉಡುಪಿಯ ಸುತ್ತಮುತ್ತ ಮದುವೆ ಮುಂಜಿಗಳ ಅಡುಗೆಗೆ ಹೋಗಿ ಅಪ್ಪನನ್ನು ಓದಿಸಿದವರು ಅವರು. ಐನೂರು ಜನರ ಊಟಕ್ಕೆ ಎಷ್ಟು ತೆಂಗಿನಕಾಯಿ, ಎಷ್ಟು ಬೆಲ್ಲ ಎಂಬುದನ್ನು ಎಲ್ಲಿಯೂ ಬರೆದಿಟ್ಟವರಲ್ಲ. ಎಲ್ಲ ತಲೆಯಲ್ಲೇ. ನನಗೆ ಐದು ವರ್ಷವಾದಾಗ ಅಪ್ಪ ಅವರನ್ನು ಇಲ್ಲಿಗೆ ಕರೆತಂದರು. ಅಜ್ಜಿ ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ನನಗೆ ಅವರ ಮಾತು ಪೂರ್ತಿ ಅರ್ಥವಾಗುತ್ತಿತ್ತು, ಅವರಿಗೆ ನನ್ನದು ಅರ್ಧ. ಆ ಅರ್ಧದಲ್ಲೇ ನಾವು ಬಹಳ ಸುಖವಾಗಿದ್ದೆವು.

ನನಗೆ ಹತ್ತು ನಡೆಯುತ್ತಿದ್ದಾಗ ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕತೊಡಗಿದರು. ನನ್ನನ್ನು ತಮ್ಮ ಮಗಳ, ಉಡುಪಿಯಲ್ಲಿದ್ದ ನನ್ನ ಅತ್ತೆಯ, ಹೆಸರಿನಿಂದ ಕರೆದು, ನಾನು ನಕ್ಕರೆ ತಾವೂ ನಗುತ್ತಿದ್ದರು. ಅಮ್ಮ ಒಂದೆರಡು ಸಲ ಉರಿಯುತ್ತಲೇ ಇದ್ದ ಗ್ಯಾಸ್ ಒಲೆಯನ್ನು ಸದ್ದಿಲ್ಲದೆ ಆರಿಸಿದಳು. ಆಮೇಲೊಂದು ದಿನ ಅಜ್ಜಿ ರಸ್ತೆಯ ಕೊನೆಯ ತಮಿಳರ ಅಂಗಡಿಯಿಂದ ಕರಿಬೇವು ತರಲು ಹೋದವರು ಮರಳಿ ಬರಲಿಲ್ಲ. ಅಪ್ಪ ಕಾಲೇಜಿನಿಂದ ಓಡಿ ಬಂದರು. ಅಮ್ಮ ಒಂದು ಬೀದಿ, ಅಪ್ಪ ಇನ್ನೊಂದು ಬೀದಿ, ನಾನು ಗೇಟಿನ ಬಳಿ. ಎರಡು ತಾಸಿನ ನಂತರ ನಾಲ್ಕು ಬೀದಿ ಆಚೆ, ಥೇಟ್ ನಮ್ಮ ಮನೆಯಂಥದೇ ಮನೆಯೊಂದರ ಮುಂದೆ, ಮಲಯ್ ಕುಟುಂಬವೊಂದು ಹಾಕಿಕೊಟ್ಟ ಕುರ್ಚಿಯಲ್ಲಿ ಕೂತು ಅವರು ಚಹಾ ಕುಡಿಯುತ್ತಿರುವುದು ಕಂಡಿತು. ಕರಿಬೇವಿನ ಕಟ್ಟು ಮಡಿಲಲ್ಲಿತ್ತು. ಮನೆ ಯಾವುದೆಂದು ಆ ಕುಟುಂಬದವರು ಕೇಳಿದಾಗ ಕಪ್ಪು ಗೇಟು ಎಂದು ಅಜ್ಜಿ ತೋರಿಸಿದ್ದರಂತೆ. ಅಲ್ಲಿ ಎಲ್ಲರದೂ ಕಪ್ಪು ಗೇಟು.

ಕಾರಿನಲ್ಲಿ ಅಪ್ಪ ಬೈದರು. ಅವರು ಅಜ್ಜಿಯ ಮೇಲೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಯಾರಿಗೂ ಹೇಳದೆ ಹೊರಗೆ ಹೋಗ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ರಸ್ತೆಯಲ್ಲಿ ಕಾರು ಹೇಗೆ ಹೋಗ್ತಾವೆ ಗೊತ್ತುಂಟಾ?"

ಅಜ್ಜಿ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. "ಹೌದು ಮಾಣಿ, ತಪ್ಪಾಯ್ತು" ಎಂದರು. ಐನೂರು ಎಲೆಗೆ ಬಡಿಸಿದ ಹೆಂಗಸು ಕರಿಬೇವಿನ ಕಟ್ಟು ಹಿಡಿದುಕೊಂಡು ತಪ್ಪಾಯ್ತು ಅನ್ನುವುದನ್ನು ಕೇಳಲು ನನಗೆ ಆಗಲಿಲ್ಲ. ನಾನು ಕಿವಿಗೆ ಬೆರಳಿಟ್ಟುಕೊಂಡೆ.

ಅಪ್ಪ ತಮ್ಮ ಗೆಳೆಯರಾದ ವೈದ್ಯರೊಬ್ಬರಿಗೆ ತೋರಿಸಿದರು. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ವಯಸ್ಸಿಗಿಂತ ಸ್ವಲ್ಪ ಹೆಚ್ಚಿನ ಮರೆವು, ಮುಂದೆ ಅದು ಕಾಯಿಲೆಯಾಗಿ ಬೆಳೆಯಬಹುದು, ಬೆಳೆಯದೆಯೂ ಇರಬಹುದು, ಇದಕ್ಕೆಂದು ಕೊಡುವ ಮಾತ್ರೆಯಿಲ್ಲ ಎಂದರಂತೆ. ನಡೆಯಲಿ, ಜನರ ಜೊತೆ ಬೆರೆಯಲಿ, ಹೊಸದೇನಾದರೂ ಕಲಿಯಲಿ ಎಂದೂ ಹೇಳಿದ್ದರು. ಅಪ್ಪ ಮನೆಗೆ ಬಂದು ಮಾಡಿದ ಮೊದಲ ಕೆಲಸ ಗ್ರಿಲ್ಲಿಗೆ ಬೀಗ ಹಾಕಿದ್ದು. ಆವತ್ತಿನಿಂದ ಅಪ್ಪನಿಗೆ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲವೆಂದು ಅಮ್ಮ ಫೋನಿನಲ್ಲಿ ಅತ್ತೆಯ ಹತ್ತಿರ ಹೇಳುವುದು ನನಗೆ ಕೇಳಿಸಿತ್ತು. ಅಜ್ಜಿ ಹಗಲಿಡೀ ಗ್ರಿಲ್ಲಿನ ಒಳಗೆ ಮಣೆ ಹಾಕಿಕೊಂಡು ರಸ್ತೆ ನೋಡುತ್ತ ಕೂರುತ್ತಿದ್ದರು. ಅಡುಗೆಮನೆಗೆ ಹೋಗುವುದನ್ನೇ ಬಿಟ್ಟರು.

ಪಕ್ಕದ ಮನೆಯಲ್ಲಿ ಆಂಟಿ ಮೇ ಇದ್ದರು. ಚೀನೀ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಬಿಳಿ ಕ್ಯಾನ್ವಾಸ್ ಶೂ ಹಾಕಿ ದಿನಾ ಬೆಳಿಗ್ಗೆ ಎದುರಿನ ಆಟದ ಬಯಲಿಗೆ ತೈ ಚಿ ಎಂಬ ಚೀನೀ ನಿಧಾನ ವ್ಯಾಯಾಮ ಮಾಡಲು ಹೋಗುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ನಿಂತು, ಗ್ರಿಲ್ಲಿನ ಒಳಗಿದ್ದ ಅಜ್ಜಿಯನ್ನು ನೋಡಿ, "ಆಂಟಿ, ಕಮ್ ಲಾ" ಎಂದು, ಅಲ್ಲಿಯವರ ರೂಢಿಯಂತೆ ಕೊನೆಗೊಂದು ಲಾ ಸೇರಿಸಿ, ಕೈಬೀಸಿ ಕರೆದರು. ಆ ಒಂದು ಕರೆಗಾಗಿ ನಮ್ಮ ಮನೆಯಲ್ಲಿ ಮೂರು ದಿನ ಜಗಳ ನಡೆಯಿತು. ಇಡ್ಲಿಯ ಮುಂದೆ, ಊಟದ ಮುಂದೆ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತಂದ ರೊಟ್ಟಿಯ ಮುಂದೆ.

"ಇಂಥ ವ್ಯಾಯಾಮ, ಧ್ಯಾನ ಎಲ್ಲ ಮೆದುಳಿಗೆ ಒಳ್ಳೇದಿರಬಹುದು ಅಂತ ನಾನೂ ಓದಿದ್ದೇನೆ" ಎಂದರು ಅಪ್ಪ. "ಆದರೆ ಇರಬಹುದು ಅಷ್ಟೆ. ಮಾಡಿದ ಅಧ್ಯಯನಗಳೆಲ್ಲ ಸಣ್ಣ ಸಣ್ಣವು. ಖಚಿತವಾಗಿ ಹೇಳ್ಲಿಕ್ಕೆ ಆಗೋದಿಲ್ಲ. ಬಿದ್ದು ಸೊಂಟ ಮುರ್ಕೊಂಡ್ರೆ?"

ಅಮ್ಮ ಮೈಸೂರಿನವಳು. ಜಗಳದಲ್ಲೂ ದನಿ ಏರಿಸುತ್ತಿರಲಿಲ್ಲ.

"ರೀ, ನಿಮ್ಮ ವಿಜ್ಞಾನಿಗಳೆಲ್ಲ ಖಚಿತ ಮಾಡ್ಕೊಂಡು ಬರೋವರೆಗೂ ಅತ್ತೆ ಗ್ರಿಲ್ ಹಿಡ್ಕೊಂಡು ಕೂತಿರಬೇಕಾ?"

ಅಪ್ಪ ಎರಡು ಷರತ್ತು ಹಾಕಿ ಒಪ್ಪಿದರು. ಆ ವರ್ಷ ನನ್ನ ಶಾಲೆ ಮಧ್ಯಾಹ್ನದ ಪಾಳಿಯಲ್ಲಿತ್ತು, ಆದ್ದರಿಂದ ಬೆಳಿಗ್ಗೆ ಅಜ್ಜಿಯ ಜೊತೆ ನಾನು ಹೋಗಬೇಕು. ಎರಡನೆಯದು, ಮೂರು ತಿಂಗಳಿಗೊಮ್ಮೆ ಅಪ್ಪ ಅಜ್ಜಿಯ ಜ್ಞಾಪಕಶಕ್ತಿಯನ್ನು ಪರೀಕ್ಷೆ ಮಾಡುವುದು. ಮೊದಲ ಪರೀಕ್ಷೆ ಆ ಭಾನುವಾರವೇ ನಡೆಯಿತು. ಚಾಪೆ, ದೋಣಿ, ನಿಂಬೆ, ಕನ್ನಡಿ, ಗಂಟೆ ಎಂದು ಐದು ಶಬ್ದ ಹೇಳಿ, ನಡುವೆ ಗಡಿಯಾರದ ಚಿತ್ರ ಬರೆಸಿ, ಆಮೇಲೆ ಆ ಐದನ್ನು ಕೇಳಿದರು. ಅಜ್ಜಿಗೆ ನೆನಪಿದ್ದದ್ದು ಚಾಪೆ ಮತ್ತು ನಿಂಬೆ.

ಬಯಲಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಹೆಚ್ಚಿನವರು ಚೀನೀ ಅಜ್ಜ ಅಜ್ಜಿಯರು, ರೈಲ್ವೆಯಿಂದ ನಿವೃತ್ತರಾದ ತಮಿಳು ಅಜ್ಜ ಒಬ್ಬರು, ತಲೆವಸ್ತ್ರ ಧರಿಸಿದ ಮಲಯ್ ಹೆಂಗಸರಿಬ್ಬರು. ಅಜ್ಜಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಜೀವನದಲ್ಲೇ ಮೊದಲ ಸಲ ಶೂ ಹಾಕಿ, ಕೊನೆಯ ಸಾಲಿನಲ್ಲಿ ನಿಂತರು. ಒಟ್ಟು ಇಪ್ಪತ್ತನಾಲ್ಕು ಭಂಗಿಗಳು, ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯಬೇಕು. ಆಂಟಿ ಮೇ ಪ್ರತಿಯೊಂದರ ಹೆಸರನ್ನೂ ಕೂಗಿ ಹೇಳುತ್ತಿದ್ದರು: ಕಾಡುಕುದುರೆಯ ಕತ್ತಿನ ಕೂದಲು ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಮೋಡದಂತೆ ಕೈಯಾಡಿಸುವುದು. ನಾನು ಅನುವಾದ ಮಾಡಲು ಹೋದರೆ ಅಜ್ಜಿ ತಡೆದರು.

"ಕುದುರೆ ಗಿದುರೆ ನಂಗೆ ನೆನಪಿರೋದಿಲ್ಲ ಮಗಾ. ಇದು ಹೋಳಿಗೆ ಕಣಕದ ಉಂಡೆ ಹಿಡಿದ ಹಾಗೆ ಉಂಟಲ್ಲ? ಹಾಗೇ ಹೇಳು."

ಹೀಗೆ ಕಾಡುಕುದುರೆ ಕಣಕದ ಉಂಡೆಯಾಯಿತು. ಕೊಕ್ಕರೆಯ ರೆಕ್ಕೆ ಅಟ್ಟದಿಂದ ಭರಣಿ ಇಳಿಸುವುದಾಯಿತು. ಮೋಡದ ಕೈ ದೋಸೆ ಹುಯ್ಯುವುದು. ಒಂದೊಂದೇ ಕೈ ಮುಂದೆ ಚಾಚುತ್ತ ಹಿಂದೆ ಸರಿಯುವ ಭಂಗಿಯೊಂದಿದೆ. ಅದು ಪಂಕ್ತಿಯಲ್ಲಿ ಅನ್ನ ಬಡಿಸುತ್ತ ಹಿಂದೆ ಹೋಗುವುದು. ಬಗ್ಗಿ ಕೈಯನ್ನು ನೆಲದತ್ತ ಇಳಿಸುವುದು ಬಾವಿಗೆ ಬಿದ್ದ ಕೊಡ ಎತ್ತುವುದು. ಒಂಟಿ ಕಾಲಿನಲ್ಲಿ ನಿಲ್ಲುವುದು ಒದ್ದೆ ನೆಲ ದಾಟುವುದು. ಕಡೆಯ ಭಂಗಿ ಒಲೆ ಆರಿಸುವುದು. ಎರಡು ತಿಂಗಳೊಳಗೆ ಅಜ್ಜಿ ಕೊನೆಯ ಸಾಲಿನಿಂದ ಎರಡನೆಯ ಸಾಲಿಗೆ ಬಂದಿದ್ದರು. ಸುತ್ತಲಿನವರಿಗೂ ಆ ಹೆಸರುಗಳು ಅಂಟಿಕೊಂಡವು. ಮೋಡದ ಕೈ ಬಂದಾಗ ಚೀನೀ ಅಜ್ಜನೊಬ್ಬರು ಗಂಭೀರವಾಗಿ "ತೋಸೆ, ತೋಸೆ" ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅಜ್ಜಿಗೆ ಹಸಿವು. ತಗಡಿನ ಮಾಡಿನ ಕೆಳಗೆ ಮತ್ತೆ ಒಗ್ಗರಣೆ ಸಿಡಿಯತೊಡಗಿತು.

ಭಂಗಿಗಳು ಮುಗಿದ ನಂತರ ಎಲ್ಲರೂ ಹುಲ್ಲಿನ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸಬೇಕು, ಅಷ್ಟೆ. ನನಗೆ ಅದು ಶಿಕ್ಷೆಯಾಗಿತ್ತು. ಇರುವೆ ಹತ್ತಿದಂತೆ, ಮೂಗು ತುರಿಸಿದಂತೆ, ಯಾರೋ ನನ್ನನ್ನೇ ನೋಡಿದಂತೆ ಅನಿಸುತ್ತಿತ್ತು. ಹೇಗೆ ಅಷ್ಟು ಸುಮ್ಮನೆ ಕೂರುತ್ತೀರಿ ಎಂದು ಅಜ್ಜಿಯನ್ನು ಕೇಳಿದೆ.

"ನಂಗೆ ಮೊದಲಿಂದ್ಲೂ ಸುಮ್ಮನೆ ಕೂತ್ಕೊಳ್ಲಿಕ್ಕೆ ಆಸೆ ಇತ್ತು. ಯಾರೂ ಬಿಡ್ಲಿಲ್ಲ" ಎಂದರು ಅಜ್ಜಿ. ಆಮೇಲೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ಮನಸ್ಸು ಎಲ್ಲಿಗಾದ್ರೂ ಹೋಗ್ತದೆ. ಹೋಗ್ಲಿ. ಆದ್ರೆ ವಾಪಸು ಬಂದಾಗ ಅದಕ್ಕೆ ಬೈಬಾರ್ದು, ಆಯ್ತಾ?"

ಧ್ಯಾನದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ಆಮೇಲೆ ನಾನೆಲ್ಲೂ ಕೇಳಲಿಲ್ಲ.

ಎರಡನೆಯ ಪರೀಕ್ಷೆಯ ಹಿಂದಿನ ದಿನ ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ. ಕಡಿಮೆ ಬಂದರೆ ಅಪ್ಪ ಬಯಲಿಗೆ ಹೋಗುವುದನ್ನು ನಿಲ್ಲಿಸುತ್ತಾರೆ ಎಂಬ ಹೆದರಿಕೆ. "ನೀನು ಸ್ವಲ್ಪ ನೋಡ್ಕೋ ಮಗಾ" ಎಂದಷ್ಟೇ ಹೇಳಿದರು. ನಾನು ಅರ್ಥ ಮಾಡಿಕೊಂಡೆ. ಅಪ್ಪ ಮೇಜಿನ ಒಂದು ಬದಿ, ಅಜ್ಜಿ ಇನ್ನೊಂದು ಬದಿ. ನಾನು ಅಪ್ಪನ ಬೆನ್ನ ಹಿಂದೆ, ಮೆಟ್ಟಿಲ ಮೇಲೆ. ಆ ಸಲವೂ ಅಪ್ಪ ಹಳೆಯ ಶಬ್ದಗಳನ್ನೇ ಕೊಟ್ಟರು. ಅಜ್ಜಿ ಚಾಪೆ, ನಿಂಬೆ ಎಂದು ನಿಂತರು. ನಾನು ಹುಟ್ಟು ಹಿಡಿದು ನೀರು ತಳ್ಳುವಂತೆ ಕೈ ಆಡಿಸಿದೆ. "ದೋಣಿ" ಎಂದರು. ಅಂಗೈ ನೋಡಿಕೊಂಡು ತಲೆ ಬಾಚಿದೆ. "ಕನ್ನಡಿ." ದೇವರ ಮುಂದೆ ಗಂಟೆ ಆಡಿಸುವಂತೆ ಕೈ ಅಲ್ಲಾಡಿಸಿದೆ. ಐದಕ್ಕೆ ಐದು. ಅಪ್ಪ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡರು. ಅವರು ಅಳುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಪ್ಪನ ಸಂತೋಷ ಮನೆ ತುಂಬ ಓಡಾಡಿತು. ಉಡುಪಿಯ ಅತ್ತೆಗೆ ಫೋನ್ ಮಾಡಿದರು. ಮುಂದಿನ ಭಾನುವಾರ ಆಂಟಿ ಮೇಯವರನ್ನು ಊಟಕ್ಕೆ ಕರೆದರು. ನಾನು ಆ ವಾರವಿಡೀ ಅಪ್ಪನ ಕಣ್ಣಿಗೆ ಬೀಳದಂತೆ ಓಡಾಡಿದೆ. ಅಪ್ಪ ಯಾವಾಗಲೂ ಹೇಳುತ್ತಿದ್ದದ್ದು ಒಂದೇ ಮಾತು, ನೋಡಿದ್ದನ್ನು ನೋಡಿದ ಹಾಗೇ ಬರೆಯಬೇಕು ಎಂದು. ನಾನು ಅವರು ನೋಡುವುದನ್ನೇ ಹಾಳುಮಾಡಿದ್ದೆ. ಆದರೆ ಹೇಳಿದರೆ ಅಜ್ಜಿಗೆ ಮತ್ತೆ ಗ್ರಿಲ್.

ಭಾನುವಾರ ಅಮ್ಮ ಕಡಲೆಬೇಳೆ ಪಾಯಸ ಮಾಡಿದ್ದಳು. ಅಜ್ಜಿ ಅನಾನಸು ಮೆಣಸ್ಕಾಯಿ ಮಾಡಿದ್ದರು, ಆಂಟಿ ಮೇ ಅದನ್ನು ಮೂರು ಸಲ ಹಾಕಿಸಿಕೊಂಡರು. ಊಟದ ನಡುವೆ ಅಪ್ಪ, ಈ ವಿಷಯವನ್ನು ನಾಳೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ ಎಂದರು. ನಾನು ಎದ್ದು ನಿಂತೆ. ಇಂಗ್ಲಿಷಿನ ವಾಕ್ಯ ಬಾಯಿಯ ತುದಿಯಲ್ಲಿತ್ತು. ಆದರೆ ಅಜ್ಜಿಯ ವಿಷಯವನ್ನು ಅಜ್ಜಿಗೆ ಅರ್ಧ ಅರ್ಥವಾಗುವ ಭಾಷೆಯಲ್ಲಿ ಹೇಳುವುದು ಚಾಡಿಯಾಗುತ್ತದೆ ಅನಿಸಿತು.

"ಅಪ್ಪ, ಅಜ್ಜಿಗೆ ಮೂರು ಶಬ್ದ ನಾನು ಹೇಳಿಕೊಟ್ಟೆ. ನಿಮ್ಮ ಹಿಂದೆ ನಿಂತು ಕೈಯಲ್ಲಿ ತೋರಿಸಿದೆ."

ಆ ಮೇಜಿನ ಮುಂದೆ ನಾನು ಆಡಿದ ಮೊದಲ ಇಡೀ ಕನ್ನಡದ ಮಾತು ಅದು. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಪ್ಪ ನನ್ನನ್ನು ನೋಡಿದರು, ಆಮೇಲೆ ಅಜ್ಜಿಯನ್ನು.

"ಮಗುವಿಗೆ ಎಂತದೂ ಹೇಳ್ಬೇಡ" ಎಂದರು ಅಜ್ಜಿ. "ನಾನೇ ಹೇಳಿದ್ದು. ಕಡಿಮೆ ಆದ್ರೆ ನೀನು ಬಾಗಿಲು ಹಾಕ್ತಿ ಅಂತ ಹೆದರಿಕೆ ಆಯ್ತು ನಂಗೆ. ನಿಂಗೆ ನನ್ನ ಮರೆವಿನ ಹೆದರಿಕೆ ಮಾಣಿ, ನಂಗೆ ಆ ಬೀಗದ ಹೆದರಿಕೆ."

ಅಪ್ಪ ಎದ್ದು ಕೈ ತೊಳೆಯಲು ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು. ಏನಾಯಿತೆಂದು ತಿಳಿಯದ ಆಂಟಿ ಮೇಗೆ ಅಮ್ಮ ಮೆಲ್ಲಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಅಪ್ಪ ಮರಳಿ ಬಂದು ಅಜ್ಜಿಯ ಎದುರು ಕೂತರು.

"ಬೀಗ ಇನ್ನು ಹಾಕೋದಿಲ್ಲ ಅಮ್ಮ. ಎಷ್ಟು ಬಂದ್ರೂ ಹಾಕೋದಿಲ್ಲ. ಈಗ ಒಂದು ಸಲ ಸುಮ್ಮನೆ, ಹೆದರದೆ ಹೇಳ್ತೀಯಾ?"

ನನ್ನನ್ನು ಅಡುಗೆಮನೆಗೆ ಕಳಿಸಿದರು. ಹೊಸ ಐದು ಶಬ್ದ ಕೊಟ್ಟರು. ಅಜ್ಜಿ ಮೂರು ಹೇಳಿದರು. ಎರಡರ ಬದಲು ಮೂರು. ಅಮ್ಮ ಚಪ್ಪಾಳೆ ತಟ್ಟಿದಳು. ಅಪ್ಪ ಮಾತ್ರ ಅಡ್ಡಡ್ಡ ತಲೆಯಾಡಿಸಿದರು. ಒಂದು ಶಬ್ದ ಹೆಚ್ಚು ಬಂದದ್ದು ತೈ ಚಿಯಿಂದ ಇರಬಹುದು, ಕಣ್ಣು ಮುಚ್ಚಿ ಕೂತದ್ದರಿಂದ ಇರಬಹುದು, ಗೆಳತಿಯರು ಸಿಕ್ಕಿದ್ದರಿಂದ ಇರಬಹುದು, ಪರೀಕ್ಷೆ ಅಭ್ಯಾಸವಾದದ್ದರಿಂದ ಇರಬಹುದು, ಏನೂ ಇಲ್ಲದೆ ಸುಮ್ಮನೆ ಬಂದದ್ದೂ ಇರಬಹುದು ಎಂದರು. ಹಾಗೆನ್ನುವಾಗ ಅವರು ನಗುತ್ತಿದ್ದರು. ಆಗ ಆಂಟಿ ಮೇ, ಡಾಕ್ಟರ್, ನಿಮ್ಮ ಪರೀಕ್ಷೆ ಆಯಿತಲ್ಲ, ಈಗ ನನ್ನದು ಎಂದು ಮೇಜನ್ನು ಗೋಡೆಗೆ ಸರಿಸಿದರು.

ಅಜ್ಜಿ ಹಾಲಿನ ನಡುವೆ ನಿಂತರು. ಕಣಕದ ಉಂಡೆಯಿಂದ ಶುರು. ಯಾರೂ ಹೆಸರು ಕೂಗಲಿಲ್ಲ, ಅವರೇ ಒಂದೊಂದನ್ನೂ ಹೇಳುತ್ತ ಹೋದರು. ಭರಣಿ ಇಳಿಸಿದರು, ಪಂಕ್ತಿಗೆ ಬಡಿಸಿದರು, ದೋಸೆ ಹುಯ್ದರು, ಕೊಡ ಎತ್ತಿದರು. ಇಪ್ಪತ್ತನಾಲ್ಕೂ, ಸಾಲಾಗಿ, ಒಂದೂ ತಪ್ಪದೆ. ಒದ್ದೆ ನೆಲ ದಾಟುವಲ್ಲಿ ಒಂಟಿ ಕಾಲಿನಲ್ಲಿ ಅಲುಗದೆ ನಿಂತು, ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ನಿಂತು, ಮಗನನ್ನು ನೋಡಿದರು. ಅಪ್ಪ ತಾವೂ ಎದ್ದು ಒಂದು ಕಾಲು ಎತ್ತಿದರು. ಮೂರು ಎಣಿಸುವುದರೊಳಗೆ ಓಲಾಡಿ, ಅಡುಗೆಮನೆಯ ಬಾಗಿಲಲ್ಲೇ ಇದ್ದ ಫ್ರಿಜ್ಜನ್ನು ತಬ್ಬಿಕೊಂಡರು.

"ಡಾಕ್ಟರ್, ನೀವೇ ನಾಳೆ ಬನ್ನಿ ಲಾ" ಎಂದರು ಆಂಟಿ ಮೇ. ಅಜ್ಜಿ ನಕ್ಕು ನಕ್ಕು ಸೋಫಾದಲ್ಲಿ ಕೂತುಬಿಟ್ಟರು.

ಅಜ್ಜಿ ಅದಾದ ಮೇಲೆ ಒಂಬತ್ತು ವರ್ಷ ನಮ್ಮೊಡನಿದ್ದರು. ಮರೆವು ಹೋಗಲಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ ಹೆಚ್ಚಿತು. ಬಯಲಿಗೆ ಹೋಗದಿದ್ದರೆ ಬೇಗ ಹೆಚ್ಚುತ್ತಿತ್ತೇ ಎಂದು ಹೋಲಿಸಿ ಹೇಳಲು ಇನ್ನೊಬ್ಬ ಅಜ್ಜಿ ನಮಗಿರಲಿಲ್ಲ. ಆದರೆ ಅವರು ಒಮ್ಮೆಯೂ ಬೀಳಲಿಲ್ಲ, ಒಲೆಯ ಕಡೆ ಮತ್ತೆ ಬೆನ್ನು ತಿರುಗಿಸಲಿಲ್ಲ, ಆ ಬೀದಿಯಲ್ಲಿ ಅವರ ಗುರುತಿಲ್ಲದ ಮನೆಯೇ ಉಳಿಯಲಿಲ್ಲವಾದ್ದರಿಂದ ದಾರಿ ತಪ್ಪಿದರೂ ಯಾರಾದರೊಬ್ಬರು ಕೈಹಿಡಿದು ತಂದುಬಿಡುತ್ತಿದ್ದರು. ನಾನೀಗ ಕೌಲಾಲಂಪುರದ ಆಸ್ಪತ್ರೆಯೊಂದರಲ್ಲಿ ವಯಸ್ಸಾದವರ ಜ್ಞಾಪಕಶಕ್ತಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಶುರು ಮಾಡುವ ಮೊದಲು ಮೊಮ್ಮಕ್ಕಳನ್ನು ಹೊರಗೆ ಕಳಿಸುತ್ತೇನೆ. ಧ್ಯಾನ, ತೈ ಚಿ, ಯೋಗ ಮಾಡಿದರೆ ಒಳ್ಳೆಯದೇ ಎಂದು ಆ ವಯಸ್ಸಾದವರ ಮಕ್ಕಳು ಕೇಳಿದರೆ, ಇರಬಹುದು ಎನ್ನುತ್ತೇನೆ. ಅಪ್ಪನಿಂದ ಕಲಿತ ಆ ಶಬ್ದವನ್ನು ಅಮ್ಮನ ದನಿಯಲ್ಲಿ ಹೇಳುತ್ತೇನೆ, ಅವರು ನಾಳೆಯಿಂದಲೇ ಶುರು ಮಾಡುವ ಹಾಗೆ.

ಆ ಊಟದ ಮರುದಿನ ಅಪ್ಪ ನಿಜವಾಗಿಯೂ ಬಂದರು. ಕಾಲೇಜಿಗೆ ಹೋಗುವ ಪ್ಯಾಂಟಿನಲ್ಲೇ, ಕೊನೆಯ ಸಾಲಿನಲ್ಲಿ, ಎಡಕ್ಕೆ ಎಲ್ಲರೂ ತಿರುಗಿದರೆ ತಾವು ಬಲಕ್ಕೆ ತಿರುಗುತ್ತ ಹೇಗೋ ಮುಗಿಸಿದರು. ಕಣ್ಣು ಮುಚ್ಚಿ ಕೂರುವ ಹೊತ್ತು ಬಂತು. ನಾಲ್ಕೈದು ನಿಮಿಷವಾಗಿರಬೇಕು, ಪಕ್ಕದಲ್ಲಿ ಏನೋ ಸದ್ದು. ಕಣ್ಣು ತೆರೆದು ನೋಡಿದರೆ ಅಪ್ಪ ಹುಲ್ಲಿನ ಮೇಲೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಹತ್ತು ನಿಮಿಷ ಮುಗಿಯಿತು. ಆಂಟಿ ಮೇ ಎಬ್ಬಿಸಲು ಬಗ್ಗಿದರು. ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು. ಜನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಚದುರಿದರು. ಬಿಸಿಲು ಏರಿತು. ಕಾಲೇಜಿಗೆ ಹೊತ್ತಾಯಿತೆಂದು ಅಮ್ಮ ಹುಡುಕಿಕೊಂಡು ಬಂದವಳು ಒಂದು ಕ್ಷಣ ನಿಂತು ನೋಡಿದಳು. ಆಮೇಲೆ ದೂರ ಹೋಗಿ ನಿಂತು ಅಪ್ಪನ ಸಹೋದ್ಯೋಗಿಗೆ ಫೋನ್ ಮಾಡಿ, ಇವತ್ತು ಮೊದಲ ಕ್ಲಾಸು ನೀವು ತಗೊಳ್ತೀರಾ ಎಂದು ಕೇಳಿದಳು. ಅಜ್ಜಿ ತಮಿಳು ಅಜ್ಜನ ಕೊಡೆ ಬೇಡಿ ತಂದು, ಬಿಚ್ಚಿ, ಮಗನ ಮುಖದ ಮೇಲೆ ನೆರಳು ಬೀಳುವಂತೆ ಹಿಡಿದು ನಿಂತರು. ಬಿಸಿಲು ಸರಿದಂತೆ ತಾವೂ ಒಂದೊಂದೇ ಹೆಜ್ಜೆ ಸರಿಯುತ್ತ, ಮುಕ್ಕಾಲು ಗಂಟೆ.